ಪರಿಸರ ನೀತಿ: ಜನರನ್ನು ಕೇಳುವುದು ಯಾವಾಗ, ಕೇಳಿದ ಮೇಲೆ ಏನು?

2021ರ ಜೂನ್ 13ರಂದು ಸ್ವಿಟ್ಜರ್ಲೆಂಡಿನ ಮತದಾರರು ತಮ್ಮ ಸರ್ಕಾರ ರೂಪಿಸಿದ್ದ ಇಂಗಾಲ ಕಾಯ್ದೆಯನ್ನು ಬೇಡವೆಂದರು. ವಿರುದ್ಧವಾಗಿ ಬಿದ್ದ ಮತ ಶೇ. 51.6. ಹಿಮನದಿಗಳು ಕಣ್ಣೆದುರೇ ಕರಗುತ್ತಿರುವ ದೇಶದಲ್ಲೇ ಹೀಗಾದರೆ ಉಳಿದವರ ಗತಿಯೇನು ಎಂದು ಹಲವರು ಕೈಚೆಲ್ಲಿದರು. ಎರಡು ವರ್ಷ ಕಳೆಯಿತು. 2023ರ ಜೂನ್ 18ರಂದು ಅದೇ ಮತದಾರರು, 2050ರ ಹೊತ್ತಿಗೆ ಹಸಿರುಮನೆ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ಕಾಯ್ದೆಯನ್ನು ಶೇ. 59.1 ಮತಗಳಿಂದ ಒಪ್ಪಿಕೊಂಡರು.

ಈ ಎರಡು ವರ್ಷಗಳಲ್ಲಿ ಜನರ ಪರಿಸರಪ್ರೇಮ ಏಕಾಏಕಿ ಉಕ್ಕಿತೆಂದು ನಂಬಲು ಕಾರಣವಿಲ್ಲ. ಉಕ್ರೇನ್ ಯುದ್ಧ ಹುಟ್ಟಿಸಿದ ಇಂಧನದ ಆತಂಕ ಒಂದಿಷ್ಟು ಕೆಲಸ ಮಾಡಿತ್ತು, ನಿಜ. ಆದರೆ ಜನರ ಮುಂದಿಟ್ಟ ಕಾಯ್ದೆಯ ಸ್ವರೂಪವೇ ಬದಲಾಗಿತ್ತು. ಮೊದಲನೆಯದರಲ್ಲಿ ಇಂಧನದ ಮೇಲೆ, ವಿಮಾನದ ಟಿಕೆಟ್ ಮೇಲೆ ಬೀಳುವ ಶುಲ್ಕ ಎದ್ದು ಕಾಣುತ್ತಿತ್ತು. ಎರಡನೆಯದರಲ್ಲಿ, ತೈಲ ಮತ್ತು ಅನಿಲದಿಂದ ಮನೆ ಬೆಚ್ಚಗಿಡುವ ಹಳೆಯ ಯಂತ್ರಗಳನ್ನು ಬದಲಿಸುವವರಿಗೆ ಸಿಗುವ ಸಹಾಯಧನ ಎದ್ದು ಕಂಡಿತು. ಭಾರ ಯಾರ ಹೆಗಲಿಗೆ ಎಂಬುದನ್ನು ಜನ ಸರಿಯಾಗಿಯೇ ಲೆಕ್ಕ ಹಾಕಿದ್ದರು.

ಪರಿಸರ ನೀತಿಯಲ್ಲಿ ನಾಗರಿಕರ ಪಾತ್ರದ ಬಗ್ಗೆ ಮಾತೆತ್ತಿದಾಗಲೆಲ್ಲ ಚರ್ಚೆ ‘ಜನರನ್ನು ಕೇಳಬೇಕೋ ಬೇಡವೋ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದು ಎಂದೋ ತೀರ್ಮಾನವಾದ ಸಂಗತಿ. ಕೇಳುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಸರ್ಕಾರ ಈಗ ಜಗತ್ತಿನಲ್ಲಿ ಸಿಗುವುದು ಕಷ್ಟ. ಎಲ್ಲರೂ ಕೇಳುತ್ತಾರೆ. ಪ್ರಶ್ನೆಯನ್ನು ಬರೆದವರು ಯಾರು, ಕೇಳಿದ್ದು ಯಾವ ಹಂತದಲ್ಲಿ, ಬಂದ ಉತ್ತರವನ್ನು ಏನು ಮಾಡಬೇಕೆಂಬ ಕಟ್ಟುಪಾಡು ಕೇಳಿದವರ ಮೇಲೆ ಇದೆಯೇ ಎಂಬ ಮೂರರಲ್ಲಿ ಇಡೀ ವಿಷಯ ಅಡಗಿದೆ. ಸಭೆಗೆ ಎಷ್ಟು ಕುರ್ಚಿ ಹಾಕಿದ್ದರು, ಎಷ್ಟು ಮಂದಿ ಮಾತನಾಡಿದರು ಎಂಬುದೆಲ್ಲ ಆಮೇಲಿನ ಮಾತು.

ಆಯ್ಕೆಗಳು ತೆರೆದಿರುವಾಗ

1992ರಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಭೂಶೃಂಗಸಭೆಯ ಘೋಷಣೆಯಲ್ಲಿ ಹತ್ತನೆಯ ತತ್ವವೊಂದಿದೆ. ಸಂಬಂಧಪಟ್ಟ ಎಲ್ಲ ನಾಗರಿಕರು ಪಾಲ್ಗೊಂಡಾಗಲೇ ಪರಿಸರದ ವಿಷಯಗಳನ್ನು ಚೆನ್ನಾಗಿ ನಿಭಾಯಿಸಲು ಸಾಧ್ಯ ಎಂಬುದು ಅದರ ಸಾರ. ಘೋಷಣೆಗೆ ಕಾನೂನಿನ ಬಲವಿರಲಿಲ್ಲ. ಆ ಬಲ ಬಂದದ್ದು 1998ರಲ್ಲಿ, ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಸಹಿಯಾದ ಒಪ್ಪಂದದಿಂದ. ಮಾಹಿತಿ ಪಡೆಯುವ ಹಕ್ಕು, ನಿರ್ಧಾರದಲ್ಲಿ ಪಾಲ್ಗೊಳ್ಳುವ ಹಕ್ಕು, ಇವೆರಡೂ ಸಿಗದಿದ್ದರೆ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕು – ಮೂರನ್ನೂ ಅದು ಒಂದೇ ಕಡೆ ಕಟ್ಟಿಕೊಟ್ಟಿತು. 2001ರಲ್ಲಿ ಜಾರಿಗೆ ಬಂತು. ಒಪ್ಪಂದ ಪಾಲನೆಯಾಗದಿದ್ದರೆ ಸಾಮಾನ್ಯ ನಾಗರಿಕನೇ ಅದರ ಪಾಲನಾ ಸಮಿತಿಗೆ ದೂರು ಕೊಡಬಹುದು. ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದಗಳಲ್ಲಿ ಇದು ಅಪರೂಪ.

ಆರ್ಹಸ್ ಒಪ್ಪಂದದ ಆರನೆಯ ವಿಧಿಯಲ್ಲಿರುವ ಒಂದು ಮಾತು ಉಳಿದೆಲ್ಲ ಸೊಗಸಾದ ಮಾತುಗಳಿಗಿಂತ ಹೆಚ್ಚು ತೂಗುತ್ತದೆ. ಎಲ್ಲ ಆಯ್ಕೆಗಳೂ ಇನ್ನೂ ತೆರೆದಿರುವಾಗಲೇ, ಆರಂಭದ ಹಂತದಲ್ಲೇ ಜನ ಪಾಲ್ಗೊಳ್ಳಲು ಅವಕಾಶವಿರಬೇಕು ಎನ್ನುತ್ತದೆ ಅದು. ಇದು ಏಕೆ ಮುಖ್ಯ ಎಂಬುದು ಒಂದು ಯೋಜನೆ ಕಡತಗಳಲ್ಲಿ ಹೇಗೆ ಸಾಗುತ್ತದೆ ಎಂದು ಬಲ್ಲವರಿಗೆ ಗೊತ್ತು. ಮೊದಲು ಜಾಗ ಗೊತ್ತಾಗುತ್ತದೆ. ಬಳಿಕ ಹಣ ಹೊಂದಿಸುವ ಮಾತುಕತೆ, ವಿನ್ಯಾಸ, ಸಲಹಾ ಸಂಸ್ಥೆಯಿಂದ ವರದಿ. ಅಷ್ಟರಲ್ಲಿ ಸಚಿವರು ಯೋಜನೆಯನ್ನು ಎರಡು ಬಾರಿ ಪ್ರಕಟಿಸಿಯೂ ಆಗಿರುತ್ತದೆ. ಅದಾದ ಮೇಲೆ ‘ಆಕ್ಷೇಪಣೆಗಳಿದ್ದರೆ ಸಲ್ಲಿಸಿ’ ಎಂಬ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ‘ಈ ಯೋಜನೆ ಬೇಕೇ?’ ಎಂದು ಕೇಳುವವನು ಅಭಿವೃದ್ಧಿವಿರೋಧಿಯಾಗುತ್ತಾನೆ. ರಸ್ತೆಬದಿಗೆ ಎಷ್ಟು ಗಿಡ ನೆಡಬೇಕು ಎಂಬುದಷ್ಟೇ ಚರ್ಚೆಗೆ ಉಳಿಯುತ್ತದೆ. ಅಂಥ ಸಭೆಯಲ್ಲಿ ಜನ ಕೂಗಾಡುವುದನ್ನು ಕಂಡು ಅಧಿಕಾರಿಗಳು ಬೇಸರಪಡುತ್ತಾರೆ. ಕೂಗಾಟವೊಂದೇ ಉಳಿದಿರುವ ಹಂತದಲ್ಲಿ ಕರೆದು ಕೂರಿಸಿದವರು ತಾವೇ ಎಂಬುದು ಅವರ ನೆನಪಿನಲ್ಲಿರುವುದಿಲ್ಲ.

ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದರು. ಕೆಳಗಿನ ಎರಡು ಮೆಟ್ಟಿಲು ಬರೀ ಕಣ್ಣೊರೆಸುವ ತಂತ್ರ. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಕೈಬದಲಾಗುತ್ತದೆ. ಐವತ್ತು ವರ್ಷ ಕಳೆದರೂ ಹೆಚ್ಚಿನ ಪರಿಸರ ಸಮಾಲೋಚನೆಗಳು ನಡುವಿನ ಮೆಟ್ಟಿಲಲ್ಲೇ ಕಾಲೂರಿವೆ.

ಭಾಷೆ, ಕಾಲಾವಕಾಶದಂಥ ಸಣ್ಣ ವಿವರಗಳೂ ಬಾಗಿಲು ಮುಚ್ಚಬಲ್ಲವು. ಭಾರತದಲ್ಲಿ 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಹೊರಬಿದ್ದದ್ದು ಕೋವಿಡ್ ಲಾಕ್‌ಡೌನ್ ನಡುವೆ. ಅಹವಾಲು ಸಭೆಗೆ ಮುನ್ನ ಜನ ತಯಾರಾಗಲು ಇದ್ದ 30 ದಿನಗಳನ್ನು 20ಕ್ಕೆ ಇಳಿಸುವ ಪ್ರಸ್ತಾವ ಅದರಲ್ಲಿತ್ತು. ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಕರಡನ್ನು ಅನುವಾದಿಸಬೇಕೆಂದು ಹೇಳಲು ದೆಹಲಿ ಹೈಕೋರ್ಟ್ ಬೇಕಾಯಿತು. ಲಕ್ಷಾಂತರ ಪತ್ರಗಳು ಬಂದವು. ಕರಡು ಅಂತಿಮ ರೂಪ ಪಡೆಯಲೇ ಇಲ್ಲ.

ಅವಸರದ ವಾದ

ಈಗ ಹೊಸದೊಂದು ವಾದ ಬಲ ಪಡೆಯುತ್ತಿದೆ. ಅದನ್ನು ಮುಂದಿಡುತ್ತಿರುವವರು ಗಣಿ ಕಂಪನಿಗಳಷ್ಟೇ ಅಲ್ಲ, ಹವಾಮಾನ ಬದಲಾವಣೆಯ ಬಗ್ಗೆ ಪ್ರಾಮಾಣಿಕವಾಗಿ ಕಳವಳಗೊಂಡವರೂ ಹೌದು. ಕಲ್ಲಿದ್ದಲು ಬಿಡಬೇಕಾದರೆ ಗಾಳಿಯಂತ್ರ ಬೇಕು, ಸೌರಫಲಕ ಬೇಕು, ಸಾವಿರಾರು ಕಿಲೋಮೀಟರ್ ವಿದ್ಯುತ್ ಮಾರ್ಗ ಬೇಕು, ಬ್ಯಾಟರಿಗೆ ಲಿಥಿಯಂ ಬೇಕು. ಪ್ರತಿ ಹೆಜ್ಜೆಗೂ ಊರಿನವರನ್ನು ಕೇಳುತ್ತ ಕೂತರೆ ಕಾಲ ಮೀರಿಹೋಗುತ್ತದೆ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟ 2022ರ ಕೊನೆಯಲ್ಲಿ, ನವೀಕರಿಸಬಹುದಾದ ಇಂಧನದ ಯೋಜನೆಗಳಿಗೆ ಬೇಗ ಅನುಮತಿ ಕೊಡಲೆಂದು ತುರ್ತು ನಿಯಮವನ್ನೇ ತಂದಿತು.

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅವಸರದಲ್ಲಿ ದಾಟಿಬಂದ ಹೆಜ್ಜೆಗೆ ಆಮೇಲೆ ಬಡ್ಡಿ ಸಮೇತ ಬೆಲೆ ತೆರಬೇಕಾಗುತ್ತದೆ. ನಾರ್ವೆಯ ಫೋಸೆನ್ ಪರ್ಯಾಯ ದ್ವೀಪದಲ್ಲಿ ನೂರೈವತ್ತೊಂದು ಗಾಳಿಯಂತ್ರಗಳು ಎದ್ದುನಿಂತದ್ದು ಮೂಲನಿವಾಸಿ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುತ್ತಿದ್ದ ನೆಲದಲ್ಲಿ. ಅನುಮತಿ ಕೊಟ್ಟದ್ದು ಅವರ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಆ ವೇಳೆಗೆ ಯಂತ್ರಗಳು ತಿರುಗುತ್ತಿದ್ದವು. ತೀರ್ಪಿನ ನಂತರವೂ ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯಗಳ ಬಾಗಿಲಲ್ಲಿ ಕೂತು ದಾರಿ ತಡೆದರು. ಅವರ ಜೊತೆ ಗ್ರೆಟಾ ಥುನ್‌ಬರ್ಗ್ ಕೂಡ ಕೂತಿದ್ದರು. ಹಸಿರು ಇಂಧನದ ಯೋಜನೆಯೊಂದರ ವಿರುದ್ಧ ಜಗತ್ತಿನ ಹೆಸರಾಂತ ಹವಾಮಾನ ಹೋರಾಟಗಾರ್ತಿ! ಕಂಪನಿಗಳು ಮತ್ತು ಸಾಮಿ ಕುಟುಂಬಗಳ ನಡುವೆ ಒಪ್ಪಂದ ಕುದುರಲು 2024ರ ಮಾರ್ಚ್ ಬಂತು. ಆ ಮಾತುಕತೆಯನ್ನು ಮೊದಲ ಕಂಬ ನೆಡುವ ಮುನ್ನ ಮಾಡಿದ್ದರೆ ಎಷ್ಟು ಕಾಲ ಹಿಡಿಯುತ್ತಿತ್ತೋ ಹೇಳಲಾಗದು, ಇದಕ್ಕಿಂತ ಹೆಚ್ಚಂತೂ ಹಿಡಿಯುತ್ತಿರಲಿಲ್ಲ.

ಸರ್ಬಿಯಾದ ಯಾದರ್ ಕಣಿವೆಯ ಲಿಥಿಯಂ ಗಣಿಯದೂ ಇದೇ ಪಾಡು. ಜನರ ಪ್ರತಿಭಟನೆಗೆ ಮಣಿದು ಸರ್ಕಾರ 2022ರ ಜನವರಿಯಲ್ಲಿ ಅನುಮತಿ ಹಿಂತೆಗೆದುಕೊಂಡಿತು. 2024ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ಕ್ರಮವನ್ನು ರದ್ದುಪಡಿಸಿತು, ಜನ ಮತ್ತೆ ಬೀದಿಗಿಳಿದರು. ಇಂಥ ಕಡೆ ‘ಪರಿಸರದ ಪರ’ ಯಾರು ಎಂದು ಕೇಳಿದರೆ ಎರಡು ಬದಿಯವರೂ ಕೈಯೆತ್ತುತ್ತಾರೆ. ಜಗಳ ಕಾಡು ಮತ್ತು ಕಾರ್ಖಾನೆಯ ನಡುವೆ ಇದ್ದ ಕಾಲ ಹೋಯಿತು. ಈಗಿನ ಹಲವು ಜಗಳಗಳು ಒಂದು ಪರಿಸರ ಕಾಳಜಿ ಮತ್ತು ಇನ್ನೊಂದು ಪರಿಸರ ಕಾಳಜಿಯ ನಡುವಿನವು. ಇವನ್ನು ಬಗೆಹರಿಸುವ ಸೂತ್ರ ಯಾವ ತಜ್ಞರ ಬಳಿಯೂ ಇಲ್ಲ, ಏಕೆಂದರೆ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟುಕೊಡಬೇಕು ಎಂಬುದು ವಿಜ್ಞಾನದ ಪ್ರಶ್ನೆಯೇ ಅಲ್ಲ.

ಚೀಟಿ ಎತ್ತಿ ಕರೆತಂದವರು

ಅಹವಾಲು ಸಭೆಗೆ ಬರುವವರು ಯಾರು? ಯೋಜನೆಯಿಂದ ನೇರವಾಗಿ ಪೆಟ್ಟು ತಿನ್ನುವವರು, ನೇರವಾಗಿ ಲಾಭ ಪಡೆಯುವವರು, ಸಂಘಟನೆಗಳವರು, ಕೆಲಸಕ್ಕೆ ರಜೆ ಹಾಕಲು ಶಕ್ತರಾದವರು. ಉಳಿದ ಬಹುಪಾಲು ಜನರ ಹೆಸರಿನಲ್ಲಿ ಎಲ್ಲರೂ ಮಾತನಾಡುತ್ತಾರೆ, ಅವರು ಮಾತ್ರ ಅಲ್ಲಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ಕಳೆದ ಒಂದು ದಶಕದಲ್ಲಿ ಚಲಾವಣೆಗೆ ಬಂದದ್ದು ನಾಗರಿಕ ಸಭೆ. ವಯಸ್ಸು, ಲಿಂಗ, ವಿದ್ಯೆ, ವಾಸಸ್ಥಳಗಳ ಪ್ರಮಾಣ ಇಡೀ ಸಮಾಜದಂತೆಯೇ ಇರುವ ಹಾಗೆ ಲಾಟರಿಯಿಂದ ನೂರೋ ನೂರೈವತ್ತೋ ಮಂದಿಯನ್ನು ಆರಿಸುವುದು, ಭತ್ಯೆ ಕೊಟ್ಟು ಹಲವು ವಾರಾಂತ್ಯ ಕೂರಿಸುವುದು, ಎಲ್ಲ ಪಕ್ಷದ ತಜ್ಞರ ವಾದ ಕೇಳಿಸುವುದು, ಕೊನೆಗೆ ಶಿಫಾರಸು ಬರೆಸಿಕೊಳ್ಳುವುದು.

ಇದರ ಅತ್ಯಂತ ದೊಡ್ಡ ಪರೀಕ್ಷೆ ನಡೆದದ್ದು ಫ್ರಾನ್ಸಿನಲ್ಲಿ. ಅದರ ಹಿನ್ನೆಲೆಯೇ ಒಂದು ಪಾಠ. 2018ರ ನವೆಂಬರ್‌ನಲ್ಲಿ ಇಂಧನ ತೆರಿಗೆ ಏರಿಕೆಯ ವಿರುದ್ಧ ಹಳದಿ ಜಾಕೆಟ್ ತೊಟ್ಟವರು ರಸ್ತೆ ವೃತ್ತಗಳನ್ನು ಆಕ್ರಮಿಸಿಕೊಂಡರು. ತೆರಿಗೆಯ ಸಮರ್ಥನೆಗೆ ಹೇಳಿದ ಕಾರಣ ಪರಿಸರ. ಭಾರ ಬಿದ್ದದ್ದು ಬಸ್ಸು, ರೈಲು ಇಲ್ಲದ ಊರುಗಳಲ್ಲಿದ್ದು ಕಾರನ್ನೇ ನಂಬಿಕೊಂಡವರ ಮೇಲೆ. ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಮುಂದಿನ ಅಕ್ಟೋಬರ್‌ನಲ್ಲಿ 150 ಮಂದಿಯ ಹವಾಮಾನ ನಾಗರಿಕ ಸಭೆ ಸೇರಿತು. 1990ರ ಮಟ್ಟಕ್ಕೆ ಹೋಲಿಸಿದರೆ 2030ರೊಳಗೆ ಹೊರಸೂಸುವಿಕೆಯನ್ನು ಕನಿಷ್ಠ ಶೇ. 40ರಷ್ಟು ತಗ್ಗಿಸುವುದು ಹೇಗೆ, ಅದೂ ಸಾಮಾಜಿಕ ನ್ಯಾಯಕ್ಕೆ ಭಂಗ ಬಾರದಂತೆ – ಇದು ಅದರ ಮುಂದಿದ್ದ ಪ್ರಶ್ನೆ. ನೀವು ಕೊಟ್ಟ ಪ್ರಸ್ತಾವಗಳನ್ನು ಸೋಸದೆ ಮುಂದಕ್ಕೆ ಕಳಿಸುತ್ತೇನೆ ಎಂದು ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಮಾತು ಕೊಟ್ಟಿದ್ದರು.

2020ರ ಜೂನ್‌ನಲ್ಲಿ 149 ಪ್ರಸ್ತಾವಗಳು ಸಿದ್ಧವಾದವು. ಮೂರನ್ನು ಮ್ಯಾಕ್ರಾನ್ ಅಲ್ಲೇ ಬದಿಗಿಟ್ಟರು: ಹೆದ್ದಾರಿಯ ವೇಗಮಿತಿಯನ್ನು ಗಂಟೆಗೆ 110 ಕಿ.ಮೀ.ಗೆ ಇಳಿಸುವುದು, ಕಂಪನಿಗಳು ಹಂಚುವ ಲಾಭಾಂಶದ ಮೇಲೆ ಶೇ. 4ರ ತೆರಿಗೆ, ಸಂವಿಧಾನದ ಪೀಠಿಕೆಯ ತಿದ್ದುಪಡಿ. ಉಳಿದ 146ಕ್ಕೆ ಒಪ್ಪಿಗೆ ಎಂದರು. ಸೋಸುವ ಕೆಲಸ ನಡೆದದ್ದು ಆ ನಂತರ. ರೈಲಿನಲ್ಲಿ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಊರುಗಳ ನಡುವೆ ವಿಮಾನ ಬೇಡ ಎಂದು ಸಭೆ ಹೇಳಿತ್ತು. ಕಾಯ್ದೆಯಲ್ಲಿ ಅದು ಎರಡೂವರೆ ಗಂಟೆಯಾಯಿತು. ಸಂವಿಧಾನದ ಮೊದಲ ವಿಧಿಯಲ್ಲಿ ಪರಿಸರ ರಕ್ಷಣೆಯನ್ನು ಸೇರಿಸುವ ಮಸೂದೆ ಸಂಸತ್ತಿನ ಎರಡು ಸದನಗಳ ಜಗಳದಲ್ಲಿ ಬಿದ್ದುಹೋಯಿತು. ತಮ್ಮ ಪ್ರಸ್ತಾವಗಳನ್ನು ಸರ್ಕಾರ ನಡೆಸಿಕೊಂಡ ರೀತಿಗೆ ಅಂಕ ಕೊಡಲು 2021ರ ಆರಂಭದಲ್ಲಿ ಸದಸ್ಯರು ಕೊನೆಯ ಬಾರಿ ಸೇರಿದರು. ಹತ್ತಕ್ಕೆ ಅವರು ಕೊಟ್ಟ ಸರಾಸರಿ ಅಂಕ 3.3.

ಇದನ್ನು ಸೋಲೆಂದು ಬರೆದವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಲಾಟರಿಯಲ್ಲಿ ಬಂದ ನೂರೈವತ್ತು ಜನ ಒಂಬತ್ತು ತಿಂಗಳು ಕೂತು, ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ಬರೆಯಲು ಅಂಜುವಂಥ ಶಿಫಾರಸುಗಳನ್ನು ಕೊಟ್ಟರು. ಸಾಮಾನ್ಯರಿಗೆ ಇಂಥ ವಿಷಯ ಅರ್ಥವಾಗುವುದಿಲ್ಲ, ಅವರು ತಮ್ಮ ಜೇಬನ್ನಷ್ಟೇ ನೋಡುತ್ತಾರೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಎಡವಿದ್ದು ಮಾತು ಕೊಟ್ಟವರ ಕಡೆ. ಉಳಿಸಿಕೊಳ್ಳಲಾಗದ ಮಾತನ್ನು ಕೊಡದೆ, ‘ಪ್ರತಿ ಶಿಫಾರಸಿಗೂ ಏಕೆ ಹೌದು, ಏಕೆ ಇಲ್ಲ ಎಂದು ಬರೆದು ಉತ್ತರಿಸುತ್ತೇವೆ’ ಎಂದಿದ್ದರೆ ಅರ್ಧ ಕಹಿ ಕಡಿಮೆಯಾಗುತ್ತಿತ್ತು.

ಐರ್ಲೆಂಡಿನಲ್ಲಿ ಆದದ್ದು ಇಷ್ಟು ಸದ್ದಿಲ್ಲದ ಕತೆ, ಫಲ ಮಾತ್ರ ದೊಡ್ಡದು. ಅಲ್ಲಿನ 99 ನಾಗರಿಕರ ಸಭೆ ಹವಾಮಾನದ ಮೇಲೆ ವ್ಯಯಿಸಿದ್ದು 2017ರ ಎರಡು ವಾರಾಂತ್ಯಗಳನ್ನಷ್ಟೆ. ಇಂಗಾಲ ಹೆಚ್ಚು ಸೂಸುವ ಚಟುವಟಿಕೆಗಳಿಗೆ ಹೆಚ್ಚು ತೆರಿಗೆ ತೆರಲು ತಾವೂ ಸಿದ್ಧ ಎಂದವರು ಅವರಲ್ಲಿ ಶೇ. 80. ಅವರ 13 ಶಿಫಾರಸುಗಳನ್ನು ಯಾರೋ ಅಧ್ಯಕ್ಷರ ಮಾತಿನ ಭರವಸೆಗೆ ಬಿಡಲಿಲ್ಲ. ಸಂಸತ್ತಿನ ಎಲ್ಲ ಪಕ್ಷಗಳ ಸಮಿತಿಗೆ ವಹಿಸಿದರು. ಸಮಿತಿಯ ವರದಿಯಿಂದ 2019ರ ಕ್ರಿಯಾಯೋಜನೆ ಹುಟ್ಟಿತು, 2021ರಲ್ಲಿ ಹವಾಮಾನ ಕಾಯ್ದೆ ಬಂತು. 2018ಕ್ಕೆ ಹೋಲಿಸಿ 2030ರೊಳಗೆ ಹೊರಸೂಸುವಿಕೆಯನ್ನು ಶೇ. 51ರಷ್ಟು ಇಳಿಸುವ ಗುರಿ ಆ ಕಾಯ್ದೆಯಲ್ಲಿದೆ. ಹಾಗೆಂದು ಎಲ್ಲವೂ ಸುಸೂತ್ರವಲ್ಲ. ಕೃಷಿಯ ಹೊರಸೂಸುವಿಕೆಗೂ ತೆರಿಗೆ ಹಾಕಿ ಎಂದು ಶೇ. 89ರಷ್ಟು ಸದಸ್ಯರು ಹೇಳಿದ್ದರು. ಹೈನುಗಾರಿಕೆಯ ದೇಶದ ರಾಜಕಾರಣಿಗಳು ಅದರ ಹತ್ತಿರ ಸುಳಿಯಲಿಲ್ಲ.

ಮಾಪನ ಯಾರ ಕೈಯಲ್ಲಿ

ಪರಿಣತಿಯ ವಾದಕ್ಕೆ ಇನ್ನೊಂದು ಮುಖವಿದೆ. ನೀತಿ ರೂಪಿಸಲು ಮಾಹಿತಿ ಬೇಕು, ಮಾಹಿತಿ ತಜ್ಞರ ಬಳಿ ಇರುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಕುಡಿಯುವ ನೀರಿನ ಮೂಲ ಬದಲಿಸಿದರು. ನದಿಯ ನೀರಿಗೆ ಹಾಕಬೇಕಿದ್ದ, ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೆಯ ಕೊಳವೆಗಳಿಂದ ಸೀಸ ಬಿಟ್ಟುಕೊಂಡಿತು. ಬಣ್ಣಗೆಟ್ಟ ನೀರನ್ನು ಬಾಟಲಿಯಲ್ಲಿ ಹಿಡಿದು ಸಭೆಗೆ ಬಂದ ನಿವಾಸಿಗಳಿಗೆ ನೀರು ಸುರಕ್ಷಿತ ಎಂದೇ ಹೇಳಲಾಯಿತು. ಕೊನೆಗೆ ಅವರು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ 250ಕ್ಕೂ ಹೆಚ್ಚು ಮನೆಗಳ ನಲ್ಲಿ ನೀರನ್ನು ತಾವೇ ಸಂಗ್ರಹಿಸಿ ಪರೀಕ್ಷೆಗೆ ಕಳಿಸಿದರು. 2015ರ ಅಕ್ಟೋಬರ್‌ನಲ್ಲಿ ನಗರ ಹಳೆಯ ಮೂಲಕ್ಕೆ ಮರಳಿತು. ಅಲ್ಲಿ ತಜ್ಞತೆ ಇಲ್ಲದಿದ್ದವರು ಯಾರು?

ಕಾಡು, ಮೀನುಗಾರಿಕೆ, ನೀರಾವರಿಯಂಥ ಸಾಮೂಹಿಕ ಸಂಪತ್ತನ್ನು ಶತಮಾನಗಳ ಕಾಲ ಹಾಳಾಗದಂತೆ ನೋಡಿಕೊಂಡ ಸಮುದಾಯಗಳನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಅಂಥ ವ್ಯವಸ್ಥೆಗಳಲ್ಲಿ ಅವರು ಕಂಡ ಸಮಾನ ಲಕ್ಷಣಗಳಲ್ಲಿ ಒಂದು, ನಿಯಮಕ್ಕೆ ಒಳಪಡುವವರಿಗೆ ಆ ನಿಯಮವನ್ನು ತಿದ್ದುವುದರಲ್ಲೂ ಪಾಲಿರುವುದು. ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಆ ಬಳಕೆದಾರರೇ ಆಗಿರುವುದು ಅಥವಾ ಅವರಿಗೆ ಉತ್ತರ ಹೇಳಬೇಕಾದವರಾಗಿರುವುದು ಇನ್ನೊಂದು. ಪರಿಸರ ಇಲಾಖೆಗಳು ಮೊದಲನೆಯದನ್ನು ಆಗೊಮ್ಮೆ ಈಗೊಮ್ಮೆ ಒಪ್ಪುತ್ತವೆ. ಅಳತೆ, ಉಸ್ತುವಾರಿ ಜನರ ಕೈಗೆ ಹೋಗುವುದನ್ನು ಒಪ್ಪುವುದು ಬಹಳ ವಿರಳ.

ಜನ ಯಾವಾಗಲೂ ಪರಿಸರದ ಪರವೇ ನಿಲ್ಲುತ್ತಾರೆ ಎಂಬ ಭ್ರಮೆಯೂ ಬೇಡ. ಸ್ಟಾಕ್‌ಹೋಮ್ ನಗರದಲ್ಲಿ ವಾಹನ ದಟ್ಟಣೆ ಶುಲ್ಕದ ಮಾತು ಬಂದಾಗ ಹೆಚ್ಚಿನವರು ಅದನ್ನು ವಿರೋಧಿಸಿದ್ದರು. ಮತಕ್ಕೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿನವರು 2006ರ ಜನವರಿಯಿಂದ ಜುಲೈವರೆಗೆ ಶುಲ್ಕವನ್ನು ಪ್ರಾಯೋಗಿಕವಾಗಿ ಜಾರಿ ಮಾಡಿ, ನಿಲ್ಲಿಸಿ, ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದರು. ಸಂಚಾರ ಸುಮಾರು ಐದನೆಯ ಒಂದು ಭಾಗ ಇಳಿದದ್ದನ್ನು ಕಣ್ಣಾರೆ ಕಂಡಿದ್ದ ನಗರದವರು ಅಲ್ಪ ಬಹುಮತದಿಂದ ಹೌದು ಎಂದರು. ಜನಮತ ಕೇಳಿದ ಸುತ್ತಲಿನ ಪಟ್ಟಣಗಳಲ್ಲಿ ಒಟ್ಟಾರೆ ಬಂದ ಉತ್ತರ ಬೇಡ ಎಂದೇ. ಅಂದರೆ ಗಾಳಿ ಶುದ್ಧವಾಗುವ ಕಡೆಯವರು ಒಪ್ಪಿದರು, ದಿನಾ ಕಾರಿನಲ್ಲಿ ಬರಬೇಕಾದವರು ಒಪ್ಪಲಿಲ್ಲ. ಯಾರ ಮತವನ್ನು ಎಣಿಸಬೇಕು ಎಂದು ಗಡಿ ಎಳೆಯುವವರ ಕೈಯಲ್ಲೇ ಅರ್ಧ ಫಲಿತಾಂಶವಿದೆ. ಸರ್ಕಾರ ನಗರದವರ ಮತವನ್ನೇ ಹಿಡಿಯಿತು. 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು.

ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದಲ್ಲಿ ಹಿಡಿದದ್ದು ಬೇರೆ ದಾರಿ. ನಾಲ್ಕು ಸಾವಿರದಷ್ಟು ಜನರಿರುವ ಆ ದ್ವೀಪ 1997ರಲ್ಲಿ ನವೀಕರಿಸಬಹುದಾದ ಇಂಧನದ ಮಾದರಿ ದ್ವೀಪವಾಗಿ ಆಯ್ಕೆಯಾಯಿತು. ಗಾಳಿಯಂತ್ರಗಳಲ್ಲಿ ನಿವಾಸಿಗಳೇ ಷೇರು ಕೊಂಡರು, ಕೆಲವನ್ನು ರೈತರೇ ಹಾಕಿಸಿದರು. ತನ್ನ ಹಣ ಹೂಡಿದ ಯಂತ್ರದ ಸದ್ದು ಯಾರ ಕಿವಿಗೂ ಅಷ್ಟಾಗಿ ಕಿರಿಕಿರಿ ಎನ್ನಿಸಲಿಲ್ಲ. ಮುಂದೆ ಡೆನ್ಮಾರ್ಕ್ ಹೊಸ ಗಾಳಿಯಂತ್ರ ಯೋಜನೆಗಳ ಶೇ. 20ರಷ್ಟು ಪಾಲನ್ನು ಸುತ್ತಲಿನ ನಿವಾಸಿಗಳಿಗೆ ಮಾರಾಟಕ್ಕಿಡಬೇಕೆಂಬ ಕಾನೂನನ್ನೂ ತಂದಿತ್ತು. ಪಾಲ್ಗೊಳ್ಳುವುದು ಎಂದರೆ ಸಭೆಯಲ್ಲಿ ಕೂರುವುದು ಎಂದಷ್ಟೇ ತಿಳಿದವರು ಲಾಭದಲ್ಲಿ ಪಾಲಿನ ಮಾತನ್ನು ಮರೆಯುತ್ತಾರೆ.

ಜನರ ಮಾತೇ ಅಂತಿಮವಾದ ಪ್ರಸಂಗಗಳು ಕೆಲವೇ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ಬೇಕೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು ಭಾರತದ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಆದೇಶಿಸಿತು. ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. ಬೆಟ್ಟದ ಸುತ್ತ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12ನ್ನು. ಗಡಿ ಎಳೆಯುವ ಆಟ ಇಲ್ಲೂ ಇತ್ತು. ಡೋಂಗ್ರಿಯಾ ಕೊಂಧ ಮತ್ತಿತರ ಸಮುದಾಯಗಳ ಆ ಹನ್ನೆರಡೂ ಸಭೆಗಳು, ನ್ಯಾಯಾಧೀಶರೊಬ್ಬರ ಸಮ್ಮುಖದಲ್ಲಿ, ಒಂದೊಂದಾಗಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಈಕ್ವೆಡಾರ್‌ನ ಯಾಸುನಿ ಕಾಡಿನದು ಹೆಚ್ಚು ಜಟಿಲ ಕತೆ. ಅಮೆಜಾನಿನ ಆ ರಾಷ್ಟ್ರೀಯ ಉದ್ಯಾನದ ಒಂದು ಭಾಗದ ತೈಲವನ್ನು ನೆಲದೊಳಗೇ ಬಿಡಬೇಕೆಂದು 2023ರ ಆಗಸ್ಟ್ 20ರ ಜನಮತದಲ್ಲಿ ಸುಮಾರು ಶೇ. 59 ಮಂದಿ ಹೇಳಿದರು. ಈ ಪ್ರಶ್ನೆ ಮತಪತ್ರಕ್ಕೆ ಬರಲೇ ಹತ್ತು ವರ್ಷ ಹಿಡಿದಿತ್ತು. ಹೋರಾಟಗಾರರು ಕೂಡಿಸಿದ ಲಕ್ಷಾಂತರ ಸಹಿಗಳನ್ನು ಚುನಾವಣಾ ಮಂಡಳಿ ಅಸಿಂಧುಗೊಳಿಸಿತ್ತು. ಒಂದು ವರ್ಷದೊಳಗೆ ತೈಲ ತೆಗೆಯುವುದನ್ನು ನಿಲ್ಲಿಸಬೇಕೆಂದು ಸಾಂವಿಧಾನಿಕ ನ್ಯಾಯಾಲಯ ಗಡುವು ಕೊಟ್ಟಿತ್ತು. ವರ್ಷ ತುಂಬುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಬಾವಿಗಳ ಪೈಕಿ ಮೊದಲನೆಯದನ್ನು ಮುಚ್ಚುವ ಕೆಲಸ ಶುರುವಾಗಿತ್ತಷ್ಟೆ. ತೈಲದ ಆದಾಯ ನಂಬಿದ ಖಜಾನೆ ಜನಮತದ ಮರುದಿನವೇ ಬೇರೆ ದಾರಿ ಹುಡುಕಿಕೊಳ್ಳುವುದಿಲ್ಲ ಎಂಬುದು ನಿಜ. ಕಟ್ಟುನಿಟ್ಟಾದ ತೀರ್ಪಿಗೂ ಅದನ್ನು ಜಾರಿ ಮಾಡುವ ಕೈ ಬೇಕು ಎಂಬುದೂ ನಿಜ.

ಇದೆಲ್ಲ ಮಾತನಾಡಲು ಧೈರ್ಯವಿರುವ ಕಡೆಯ ಮಾತಾಯಿತು. ಭೂಮಿ ಮತ್ತು ಪರಿಸರಕ್ಕಾಗಿ ಹೋರಾಡಿದವರ ಪೈಕಿ 2023ರಲ್ಲಿ 196 ಮಂದಿ ಕೊಲೆಯಾದರೆಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ ದಾಖಲಿಸಿದೆ. 2012ರಿಂದ ಆ ವರ್ಷದವರೆಗಿನ ಒಟ್ಟು ಸಂಖ್ಯೆ 2,100ನ್ನು ದಾಟುತ್ತದೆ. 2023ರಲ್ಲಿ ಅತಿ ಹೆಚ್ಚು ಕೊಲೆ ನಡೆದದ್ದು ಕೊಲಂಬಿಯಾದಲ್ಲಿ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಎಸ್ಕಜು ಒಪ್ಪಂದ 2021ರಲ್ಲಿ ಜಾರಿಗೆ ಬಂದಾಗ, ಪರಿಸರ ಹೋರಾಟಗಾರರ ರಕ್ಷಣೆಗೆ ಪ್ರತ್ಯೇಕ ವಿಧಿಯಿದ್ದ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಅದಾಗಿತ್ತು. ಸಾಕ್ಷಿ ಹೇಳಿ ಮನೆಗೆ ಮರಳುವ ದಾರಿಯಲ್ಲಿ ಭಯವಿದ್ದರೆ ಅಹವಾಲು ಸಭೆಯ ನಡಾವಳಿ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರಲ್ಲಿ ದಾಖಲಾಗುವುದು ಮೌನ ಮಾತ್ರ.

ಎಣಿಸುವುದು ಬೇರೆ, ಓದುವುದು ಬೇರೆ

ಅಂತರ್ಜಾಲದಲ್ಲಿ ಅಭಿಪ್ರಾಯ ಕರೆಯುವುದು ಈಗ ಎಲ್ಲ ಸರ್ಕಾರಗಳಿಗೂ ಇಷ್ಟವಾದ ದಾರಿ. ಖರ್ಚು ಕಡಿಮೆ, ಗದ್ದಲ ಇಲ್ಲ, ‘ಇಷ್ಟು ಲಕ್ಷ ಸಲಹೆ ಬಂದವು’ ಎಂದು ಹೇಳಿಕೊಳ್ಳಬಹುದು. ಈ ಸಂಖ್ಯೆಗಳನ್ನು ನಾನು ನಂಬುವುದಿಲ್ಲ. ಪರಿಸರಕ್ಕೆ ಸಂಬಂಧಿಸಿದ್ದಲ್ಲವಾದರೂ ಒಂದು ಉದಾಹರಣೆ ಸಾಕು: 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗಕ್ಕೆ ಅಂತರ್ಜಾಲ ನಿಯಮಗಳ ಬಗ್ಗೆ ಬಂದ 2.2 ಕೋಟಿ ಅಭಿಪ್ರಾಯಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ತನಿಖೆ ಹೇಳಿತು. ಈಗ ಯಂತ್ರಗಳೇ ಸಾವಿರ ಬಗೆಯಲ್ಲಿ ಒಂದೇ ಆಕ್ಷೇಪಣೆ ಬರೆದುಕೊಡಬಲ್ಲವು. ಅಭಿಪ್ರಾಯಗಳನ್ನು ಮತಗಳಂತೆ ಎಣಿಸುವ ಕಡೆ ದುಡ್ಡಿದ್ದವರು ಗೆಲ್ಲುತ್ತಾರೆ. ಆದರೆ ‘ನೀವು ಒಣಭೂಮಿ ಎಂದು ನಮೂದಿಸಿದ ಜಾಗದಲ್ಲಿ ವರ್ಷಕ್ಕೆ ಎಂಟು ತಿಂಗಳು ನೀರಿರುತ್ತದೆ’ ಎಂಬ ಒಂದು ಆಕ್ಷೇಪಣೆಯನ್ನು ಒಬ್ಬನೇ ಬರೆದಿರಲಿ, ಯೋಜನೆಯನ್ನು ಬದಲಿಸಲು ಅದೊಂದೇ ಸಾಕಾಗಬೇಕು. ಹಾಗಾಗಲು ಯಾರಾದರೂ ಅದನ್ನು ಓದಲೇಬೇಕಾದ ಕಟ್ಟಳೆ ಇರಬೇಕು.

ನನ್ನ ಮಟ್ಟಿಗೆ, ಒಂದೇ ಒಂದು ಸುಧಾರಣೆ ಆರಿಸಿ ಎಂದರೆ ನಾಗರಿಕ ಸಭೆಯನ್ನೂ ಜನಮತವನ್ನೂ ಬಿಟ್ಟು ಹಿಂಬರಹವನ್ನು ಆರಿಸುತ್ತೇನೆ. ಬಂದ ಪ್ರತಿ ಗಂಭೀರ ಆಕ್ಷೇಪಣೆಗೂ, ಒಪ್ಪಿದ್ದರೆ ಏನು ಬದಲಿಸಿದೆವು, ಒಪ್ಪದಿದ್ದರೆ ಏಕೆ ಎಂದು ನಿರ್ಧಾರಕ್ಕೆ ಮುನ್ನ ಬರೆದು ಪ್ರಕಟಿಸುವ ಕಡ್ಡಾಯ. ಆರ್ಹಸ್ ಒಪ್ಪಂದ ಇದರ ಒಂದು ಸೌಮ್ಯ ರೂಪವನ್ನು ಹೇಳುತ್ತದೆ: ಪಾಲ್ಗೊಂಡವರ ಅಭಿಪ್ರಾಯವನ್ನು ಪರಿಗಣಿಸಬೇಕು, ನಿರ್ಧಾರದ ಕಾರಣಗಳನ್ನು ಜನರಿಗೆ ತಿಳಿಸಬೇಕು. ಬರವಣಿಗೆಯಲ್ಲಿ ಕಾರಣ ಕೊಡಬೇಕಾದ ಅಧಿಕಾರಿ ವರದಿಯನ್ನು ಓದುತ್ತಾನೆ, ಏಕೆಂದರೆ ಆ ಕಾರಣ ನಾಳೆ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಬಹುದು. ಬ್ರಸೆಲ್ಸ್ ಪ್ರಾಂತ್ಯ 2023ರಲ್ಲಿ ಆರಂಭಿಸಿದ ಕಾಯಂ ಹವಾಮಾನ ನಾಗರಿಕ ಸಭೆಯಲ್ಲೂ ಶಿಫಾರಸುಗಳಿಗೆ ಸರ್ಕಾರ ಕಾರಣ ಸಮೇತ ಉತ್ತರಿಸಬೇಕೆಂಬ ಏರ್ಪಾಡಿದೆ. ಮುಂದಿನ ಸುತ್ತಿನ ವಿಷಯವನ್ನು ಗೊತ್ತುಮಾಡುವವರು ಹಿಂದಿನ ಸುತ್ತಿನ ನಾಗರಿಕರು. ಪ್ರಶ್ನೆ ಬರೆಯುವ ಅಧಿಕಾರ ಅಷ್ಟರಮಟ್ಟಿಗೆ ಕೈಬದಲಾಗಿದೆ.

ಈ ಕಡ್ಡಾಯ ಹಿಂದಕ್ಕೂ ಸರಿಯಬಹುದು. 1970ರ ಜನವರಿ 1ರಂದು ಅಮೆರಿಕದಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಪರಿಸರ ಪರಿಣಾಮ ವರದಿ ಎಂಬ ವ್ಯವಸ್ಥೆಯನ್ನೇ ಜಗತ್ತಿಗೆ ಕೊಟ್ಟಿತು. ಕರಡು ವರದಿಯ ಮೇಲೆ ಬಂದ ತಿರುಳುಳ್ಳ ಆಕ್ಷೇಪಣೆಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು ಎಂದು ಅದರಡಿಯ ನಿಯಮಾವಳಿ ಹೇಳುತ್ತಿತ್ತು. 2025ರಲ್ಲಿ ಆ ನಿಯಮಾವಳಿಯನ್ನೇ ಹಿಂತೆಗೆದುಕೊಂಡರು. ಇಲಾಖೆಗಳು ತಮ್ಮ ತಮ್ಮ ಕಾರ್ಯವಿಧಾನ ರೂಪಿಸಿಕೊಂಡವು. ಹಲವು ಇಲಾಖೆಗಳಲ್ಲಿ ಕರಡಿನ ಮೇಲೆ ಜನರ ಅಭಿಪ್ರಾಯ ಕರೆಯುವುದು ಈಗ ಕಡ್ಡಾಯವಲ್ಲ, ಇಚ್ಛೆಗೆ ಬಿಟ್ಟದ್ದು. ಕೊಟ್ಟ ಕಾರಣ ಯಥಾಪ್ರಕಾರ ವಿಳಂಬ.

ಆಕ್ಷೇಪಣೆ ಸಲ್ಲಿಸಿ ಎಂಬ ಪ್ರಕಟಣೆ ಎಲ್ಲಿಯದೇ ಇರಲಿ, ಅದನ್ನು ಓದುವಾಗ ಎರಡು ವಿವರ ಹುಡುಕಿದರೆ ಸಾಕು. ಆ ಯೋಜನೆಯ ಟೆಂಡರ್ ಅಥವಾ ಸಾಲದ ಒಪ್ಪಂದದ ದಿನಾಂಕ ಪ್ರಕಟಣೆಗಿಂತ ಹಿಂದಿನದೇ ಎಂಬುದು ಒಂದು. ಅದೇ ಇಲಾಖೆ ಕಳೆದ ಬಾರಿ ಬಂದ ಆಕ್ಷೇಪಣೆಗಳಿಗೆ ಬರೆದ ಉತ್ತರಗಳು ಎಲ್ಲಾದರೂ ಓದಲು ಸಿಗುತ್ತವೆಯೇ ಎಂಬುದು ಇನ್ನೊಂದು. ಟೆಂಡರ್ ಹಿಂದಿನದಾಗಿದ್ದು, ಉತ್ತರಗಳೂ ಎಲ್ಲೂ ಕಾಣದಿದ್ದರೆ, ಆಕ್ಷೇಪಣೆ ಬರೆಯುವ ಜೊತೆಗೆ ವಕೀಲರನ್ನೂ ಹುಡುಕಿಕೊಳ್ಳುವುದು ಒಳ್ಳೆಯದು. ಬರೆಯುವುದನ್ನು ಮಾತ್ರ ಬಿಡಬಾರದು. ಮುಂದೆ ನ್ಯಾಯಾಲಯಕ್ಕೆ ಹೋದಾಗ ಮೊದಲು ಕೇಳುವ ಪ್ರಶ್ನೆ, ಆಗ ನೀವು ಏನಾದರೂ ಹೇಳಿದ್ದಿರಾ ಎಂದೇ.